ಚಿನ್ ನಾ, ಶುವಾಯ್ ಜಿಯಾವ್, ಸಾಂಡಾ: ಮೂರನ್ನೂ ಕಲಿತು ನೋಡಿದ ಮೇಲೆ

ಬೀಜಿಂಗ್, ಜನವರಿ ತಿಂಗಳು, ರಾತ್ರಿ ಹತ್ತು ಗಂಟೆ. ಊಟ ಮುಗಿಸಿ ಹೋಟೆಲಿನಿಂದ ಹೊರಗೆ ಬಂದಿದ್ದೆವು. ಚೆನ್ನಾಗಿ ಕುಡಿದಿದ್ದ ಒಬ್ಬ ಸುಮ್ನೆ ಯಾವುದೋ ಮಾತಿಗೆ ಕೆರಳಿ ನನ್ನ ಜೊತೆಯವನ ಕೊರಳಪಟ್ಟಿಗೆ ಕೈ ಹಾಕಿದ. ನಾನು ಬಿಡಿಸಲು ಹೋದೆ. ಅವನು ಇನ್ನೊಂದು ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡ. ಹದಿನಾಲ್ಕು ತಿಂಗಳಿಂದ ವಾರಕ್ಕೆ ಮೂರು ದಿನ, ಚಿನ್ ನಾ ಅನ್ನುವ ಚೀನಾದ ಕೀಲು ತಿರುಚುವ ವಿದ್ಯೆಯಲ್ಲಿ, ನಾನು ಕಲಿಯುತ್ತಿದ್ದುದು ಇದನ್ನೇ, ಯಾರಾದರೂ ಮಣಿಕಟ್ಟು ಹಿಡಿದರೆ ಏನು ಮಾಡಬೇಕು ಅಂತ. ಮಾಡಿದೆ. ಏನೂ ಆಗಲಿಲ್ಲ. ಆ ದಪ್ಪ ಜಾಕೆಟ್ಟಿನ ತೋಳಿನೊಳಗೆ ಅವನ ಕೀಲು ಎಲ್ಲಿದೆ ಅಂತ ನನ್ನ ಬೆರಳಿಗೆ ಗೊತ್ತೇ ಆಗಲಿಲ್ಲ, ಅಷ್ಟರಲ್ಲಿ ಅವನು ಜಗ್ಗಿದ ರಭಸಕ್ಕೆ ನಾನೇ ಮುಗ್ಗರಿಸಿದೆ.

ನಮ್ಮ ಜೊತೆ ಬಾವೋಡಿಂಗ್ ಕಡೆಯ ಒಬ್ಬ ಗೆಳೆಯ ಇದ್ದ. ಅವನು ನಡುವೆ ಬಂದು ಒಂದು ಕೈಯಲ್ಲಿ ಆ ಮನುಷ್ಯನ ಜಾಕೆಟ್ಟಿನ ಎದೆ ಭಾಗ ಹಿಡಿದ, ಇನ್ನೊಂದರಲ್ಲಿ ತೋಳು. ತಿರುಗಿದ, ಕಾಲು ಅಡ್ಡ ಕೊಟ್ಟ. ಆ ಮನುಷ್ಯ ನೆಲದ ಮೇಲೆ ಕೂತಿದ್ದ. ತಲೆ ಬಡಿಯದ ಹಾಗೆ ಗೆಳೆಯ ತೋಳನ್ನು ಮೇಲಕ್ಕೆ ಎಳೆದು ಹಿಡಿದಿದ್ದ. ಎಲ್ಲ ಸೇರಿ ಎರಡು ಸೆಕೆಂಡು ಆಗಿರಬಹುದು. ಕುಡಿದವನಿಗೆ ಸಿಟ್ಟು ಕೂಡ ಇಳಿದುಹೋಗಿತ್ತು.

ಅವತ್ತಿನಿಂದ ನನಗೆ ಒಂದೇ ಪ್ರಶ್ನೆ. ಕೀಲು ತಿರುಚುವ ಪಟ್ಟುಗಳು ನಿಜವಾದ ಜಗಳದಲ್ಲಿ ಕೆಲಸ ಮಾಡುತ್ತವಾ, ಇಲ್ಲವಾ? ಅದನ್ನು ತಿಳಿಯಲು ಮುಂದಿನ ಎರಡೂವರೆ ವರ್ಷ ಚೀನಾದ ಕುಸ್ತಿ ಶುವಾಯ್ ಜಿಯಾವ್ ಮತ್ತು ಗುದ್ದು, ಒದೆ ಇರುವ ಸಾಂಡಾ ಎರಡನ್ನೂ ಕಲಿತೆ, ಚಿನ್ ನಾ ಕೂಡ ಬಿಡಲಿಲ್ಲ. ನಾನು ಕಂಡುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚೀನಾದವರು ಕೈಕಾಲಿನ ಕಾದಾಟವನ್ನು ನಾಲ್ಕು ಮಾತಿನಲ್ಲಿ ಹೇಳುತ್ತಾರೆ. ತಿ, ದಾ, ಶುವಾಯ್, ನಾ. ಒದೆ, ಹೊಡೆ, ಕೆಡವು, ಹಿಡಿ. ನಾಲ್ಕೂ ಒಂದೇ ವಿದ್ಯೆಯ ಭಾಗಗಳು. ಈಗ ಅವು ಬೇರೆ ಬೇರೆ ಕಡೆ ಸಿಗುತ್ತವೆ ಅನ್ನುವುದರಲ್ಲೇ ನನ್ನ ಪ್ರಶ್ನೆಗೆ ಅರ್ಧ ಉತ್ತರ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಚಿನ್ ನಾ. ಇದು ಒಂದು ಪ್ರತ್ಯೇಕ ಶೈಲಿ ಅಲ್ಲ. ಶಾವೋಲಿನ್‌ನಲ್ಲಿ ಇದೆ, ತೈ ಚಿಯಲ್ಲಿ ಇದೆ, ಹದ್ದಿನ ಉಗುರಿನ ಪದ್ಧತಿಯಲ್ಲಂತೂ ಇದೇ ಮುಖ್ಯ. ಸ್ನಾಯು ಹಿಡಿದು ಎಳೆಯುವುದು ಫೆನ್ ಜಿನ್, ಮೂಳೆಯನ್ನು ಜಾಗ ತಪ್ಪಿಸುವುದು ತ್ಸುವೋ ಗು, ಉಸಿರು ಕಟ್ಟಿಸುವುದು ಬಿ ಚಿ, ಮರ್ಮದ ಜಾಗ ಒತ್ತುವುದು ದಿಯಾನ್ ಶುಯೆ. ನಾನು ಬೆಳಗ್ಗೆ ಆರೂವರೆಗೆ ತಿಯಾನ್‌ತಾನ್ ಪಾರ್ಕಿನಲ್ಲಿ ಒಬ್ಬ ಹಿರಿಯರ ಹತ್ತಿರ ಕಲಿತೆ. ಎಪ್ಪತ್ತು ದಾಟಿದವರು. ಅವರ ಬೆರಳುಗಳು ಇಕ್ಕಳದ ಹಾಗೆ. ಅವರು ನನ್ನ ಮೇಲೆ ಮಾಡಿದ ಒಂದೊಂದು ಪಟ್ಟೂ ನಿಜ, ಮಂಡಿ ತಾನಾಗಿಯೇ ನೆಲಕ್ಕೆ ಬರುತ್ತಿತ್ತು. ಅವರ ವಿದ್ಯೆ ಸುಳ್ಳು ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಮೊದಲು ಕಲಿಸುವ ಪಟ್ಟು ಶಿಯಾವ್ ಚಾನ್ ಸಿ, ಅಂದರೆ ರೇಷ್ಮೆ ನೂಲು ಸುತ್ತುವ ಸಣ್ಣ ಸುತ್ತು. ಎದುರಿನವನು ಬಲಗೈಯಲ್ಲಿ ನಿಮ್ಮ ಬಲ ಮಣಿಕಟ್ಟು ಹಿಡಿಯುತ್ತಾನೆ. ನೀವು ಎಡಗೈಯಿಂದ ಅವನ ಕೈಯನ್ನು ಅಲ್ಲೇ ಅದುಮಿ ಹಿಡಿಯಬೇಕು. ಬಿಡಬಾರದು. ಬಲಗೈ ಬೆರಳುಗಳನ್ನು ಹೊರಗಿನಿಂದ ಸುತ್ತಿ ಅವನ ಮಣಿಕಟ್ಟಿನ ಮೇಲೆ ತಂದು, ಅವನ ಹೊಟ್ಟೆಯ ಕಡೆಗೆ ಕೆಳಕ್ಕೆ ಒತ್ತಬೇಕು. ಅವನ ಮೊಣಕೈ ಮಡಿಚಿಕೊಂಡಿದ್ದರೆ ನೋವು ನೆತ್ತಿಗೆ ಹತ್ತುತ್ತದೆ. ಆದರೆ ಅವನು ಅರ್ಧ ಹೆಜ್ಜೆ ನಿಮ್ಮ ಮೈಮೇಲೆ ಬಂದರೆ ಪಟ್ಟು ಸಡಿಲ. ಕೈ ಹಿಂದಕ್ಕೆ ಕಿತ್ತುಕೊಂಡರೂ ಸಡಿಲ. ಇನ್ನೊಂದು ಕೈಯಲ್ಲಿ ಮುಖಕ್ಕೆ ಗುದ್ದಿದರಂತೂ ನಿಮ್ಮ ಎರಡೂ ಕೈ ಕೆಳಗೆ ಕೆಲಸದಲ್ಲಿವೆ, ತಡೆಯಲು ಮೂರನೆಯ ಕೈ ಎಲ್ಲಿಂದ ತರುತ್ತೀರಿ?

ಇದನ್ನು ಒಂದು ತಿಂಗಳು ಲೆಕ್ಕ ಇಟ್ಟು ನೋಡಿದೆ. ಬಾವೋಡಿಂಗ್ ಗೆಳೆಯನೇ ಜೊತೆಗಿದ್ದ. ಅವನು ಮಣಿಕಟ್ಟು ಹಿಡಿದು ಸುಮ್ನೆ ನಿಂತಾಗ 20ರಲ್ಲಿ 17 ಸಲ ಪಟ್ಟು ಬಿತ್ತು. ಹಿಡಿದು ಜಗ್ಗಾಡಿದಾಗ 20ರಲ್ಲಿ 7. ಬಾಯಿಗೆ ಗಾರ್ಡ್ ಹಾಕಿಕೊಂಡು, ಅವನು ಹೊಡೆಯಬಹುದು, ತಳ್ಳಬಹುದು, ಏನು ಬೇಕಾದರೂ ಮಾಡಬಹುದು ಅಂದಾಗ 20ರಲ್ಲಿ 1. ಆ ಒಂದು ಹೇಗೆ ಬಿತ್ತು ಅನ್ನುವುದೇ ನನಗೆ ಮುಖ್ಯವಾಗಿ ಕಂಡಿದ್ದು. ಅವನು ಜೋರಾಗಿ ನುಗ್ಗಿ ತೋಲ ತಪ್ಪಿದ್ದ, ಬೀಳದಿರಲು ನನ್ನ ತೋಳು ಹಿಡಿದುಕೊಂಡಿದ್ದ. ಬೀಳುತ್ತಿರುವ ಮನುಷ್ಯನ ಗಮನ ಕೈ ಮೇಲೆ ಇರುವುದಿಲ್ಲ. ಅವತ್ತು ಮೊಣಕೈ ಪಟ್ಟು ಎಷ್ಟು ಸುಲಭವಾಗಿ ಸಿಕ್ಕಿತು ಅಂದರೆ ನಾನೇ ಹೆದರಿ ಬಿಟ್ಟುಬಿಟ್ಟೆ.

ಅಂದರೆ ಪಟ್ಟಿನ ತಪ್ಪಲ್ಲ, ಸಮಯದ ತಪ್ಪು. ಮೊದಲು ತೋಲ ತಪ್ಪಿಸಬೇಕು, ಆಮೇಲೆ ಹಿಡಿಯಬೇಕು. ಪಾರ್ಕಿನ ಹಿರಿಯರೂ ಇದನ್ನೇ ಹೇಳುತ್ತಿದ್ದರು, ಹೊಡೆಯದೆ ಹಿಡಿಯಲು ಹೋಗಬೇಡ ಅಂತ. ಆದರೆ ಅಭ್ಯಾಸದಲ್ಲಿ ಹೊಡೆತವೂ ಇರುತ್ತಿರಲಿಲ್ಲ, ನೂಕಾಟವೂ ಇರುತ್ತಿರಲಿಲ್ಲ. ಬಾಯಲ್ಲಿ ಹೇಳಿದ್ದು ಮೈಗೆ ಹತ್ತಲಿಲ್ಲ.

ಇನ್ನು ಶುವಾಯ್ ಜಿಯಾವ್. ಇದು ಚೀನಾದ ಕುಸ್ತಿ, ನನಗೆ ಅತಿ ಇಷ್ಟವಾದದ್ದು. ಕ್ವಿಂಗ್ ಅರಸರ ಕಾಲದಲ್ಲಿ ಶಾನ್ ಪು ಯಿಂಗ್ ಅಂತ ಅರಮನೆಯ ಜಟ್ಟಿಗಳ ಪಡೆಯೇ ಇತ್ತು. 1669ರಲ್ಲಿ ಹದಿಹರೆಯದ ಚಕ್ರವರ್ತಿ ಕಾಂಗ್ಶಿ, ತನ್ನನ್ನೇ ಆಳುತ್ತಿದ್ದ ಓಬೋಯಿ ಅನ್ನುವ ಬಲಶಾಲಿ ಮಂತ್ರಿಯನ್ನು ಕುಸ್ತಿ ಹುಡುಗರಿಂದ ಹಿಡಿಸಿದ ಅಂತ ಬೀಜಿಂಗ್‌ನಲ್ಲಿ ಎಲ್ಲರೂ ಹೇಳುತ್ತಾರೆ. ಆಮೇಲಿನ ಕಾಲದಲ್ಲಿ ತಿಯಾನ್‌ತಾನ್ ಪಕ್ಕದ ತಿಯಾನ್‌ಚಿಯಾವ್ ಪೇಟೆಯಲ್ಲಿ ಜನ ಸುತ್ತ ನಿಂತು ಕಾಸು ಕೊಟ್ಟು ಈ ಕುಸ್ತಿ ನೋಡುತ್ತಿದ್ದರು.

ನಿಯಮ ತುಂಬಾ ಸರಳ. ಪಾದ ಬಿಟ್ಟು ಮೈಯ ಬೇರೆ ಯಾವ ಭಾಗ ನೆಲಕ್ಕೆ ತಾಗಿದರೂ ಸೋತ ಹಾಗೆ. ನಮ್ಮ ಮೈಸೂರು ಗರಡಿಯ ಹಾಗೆ ಬೆನ್ನು ಮಣ್ಣಿಗೆ ಹಚ್ಚಿ ಚಿತ್ ಮಾಡುವವರೆಗೆ ಇಲ್ಲಿ ನಡೆಯುವುದಿಲ್ಲ. ನೆಲದ ಮೇಲಿನ ಹೊರಳಾಟವೇ ಇಲ್ಲ. ನನಗೆ ಮೊದಲು ಇದು ಕೊರತೆ ಅನ್ನಿಸಿತ್ತು. ರಸ್ತೆಯ ಜಗಳ ನೆನೆಸಿಕೊಂಡರೆ ಹಾಗನ್ನಿಸುವುದಿಲ್ಲ. ಎದುರಿನವನ ಜೊತೆ ಎಷ್ಟು ಜನ ಇದ್ದಾರೋ ಗೊತ್ತಿಲ್ಲ, ಕಾಂಕ್ರೀಟ್ ಮೇಲೆ ಉರುಳಾಡುವುದಕ್ಕಿಂತ ಅವನನ್ನು ಕೆಡವಿ ನೀವು ನಿಂತೇ ಇರುವುದು ಮೇಲು.

ತರಬೇತಿ ಬಹಳ ಕಷ್ಟ. ಕಲ್ಲಿನ ಬೀಗ ಅಂತ ಹಿಡಿಕೆ ಇರುವ ಕಲ್ಲನ್ನು ಗಾಳಿಗೆ ಎಸೆದು ಹಿಡಿಯುವುದು, ಉದ್ದದ ಬೆಲ್ಟನ್ನು ಜಾಡಿಸಿ ಸೊಂಟ ತಿರುಗಿಸುವುದು, ಒಂಟಿ ಕಾಲಿನಲ್ಲಿ ನೂರಾರು ಸಲ ತಿರುಗುವುದು. ಮೊದಲ ಮೂರು ತಿಂಗಳು ಬೀಳುವುದನ್ನೇ ಕಲಿಸಿದರು. ಹಾಕಿಕೊಳ್ಳುವ ದಾಲಿಯಾನ್ ಅನ್ನುವ ಅಂಗಿ ಗಿಡ್ಡ ತೋಳಿನದು, ಹಲವು ಪದರ ಬಟ್ಟೆ ಸೇರಿಸಿ ಹೊಲಿದದ್ದು. ಹಿಡಿತಕ್ಕಾಗಿ ನಡೆಯುವ ಕೈ ಜಗಳವೇ ಅರ್ಧ ಕುಸ್ತಿ. ಚಿನ್ ನಾ ನನಗೆ ಅರ್ಥವಾದದ್ದು ಇಲ್ಲೇ! ನನ್ನ ಎದೆಪಟ್ಟಿ ಹಿಡಿದ ಕೈಯನ್ನು ಕಿತ್ತು ಬಿಡಿಸುವಾಗ, ಪಾರ್ಕಿನಲ್ಲಿ ಕಲಿತ ಅದೇ ಸುತ್ತು ತಾನಾಗಿಯೇ ಬಂತು. ಇಲ್ಲಿ ಅವನನ್ನು ಮಂಡಿಯೂರಿಸುವ ಉದ್ದೇಶ ಇಲ್ಲ, ಒಂದು ಕ್ಷಣ ಅವನ ಹಿಡಿತ ಬಿಟ್ಟರೆ ಸಾಕು, ಅಷ್ಟರಲ್ಲಿ ನನ್ನ ಕಾಲು ಒಳಗೆ ಹೋಗಿರುತ್ತದೆ.

ಚೀನಾದಲ್ಲಿ ಒಂದು ಗಾದೆ ಇದೆ, ಮೂರು ವರ್ಷದ ಮುಷ್ಟಿ ವಿದ್ಯೆ ಒಂದು ವರ್ಷದ ಕುಸ್ತಿಗೆ ಸಮ ಅಲ್ಲ ಅಂತ. ನನ್ನ ಅನುಭವಕ್ಕೆ ಇದು ಸರಿಹೋಗುತ್ತದೆ. ಎಂಟು ತಿಂಗಳಲ್ಲಿ, ಕುಸ್ತಿ ಗೊತ್ತಿಲ್ಲದ ನನ್ನಷ್ಟೇ ತೂಕದವನನ್ನು ಅವನು ಎಷ್ಟೇ ಎದುರಿಸಿದರೂ ಕೆಡವಬಲ್ಲವನಾಗಿದ್ದೆ. ಬಾವೋಡಿಂಗ್‌ನ ಪದ್ಧತಿಗೆ ವೇಗದ ಕುಸ್ತಿ ಅಂತಲೇ ಹೆಸರು, ತಾಗಿದ ತಕ್ಷಣ ಬೀಳಿಸಬೇಕು. ಆ ಊರಿನ ಚಾಂಗ್ ಡಾಂಗ್‌ಶೆಂಗ್ ಮುಂದೆ ತೈವಾನ್‌ಗೆ ಹೋಗಿ ಅಲ್ಲಿನ ಪೊಲೀಸ್ ಅಕಾಡೆಮಿಯಲ್ಲಿ ವರ್ಷಗಟ್ಟಲೆ ಕಲಿಸಿದರು. ಜನರನ್ನು ಹಿಡಿಯುವುದೇ ಕೆಲಸವಾಗಿರುವವರಿಗೆ ಕಲಿಸಲು ಕುಸ್ತಿಯವರೇ ಬೇಕಾದರು, ನೋಡಿ.

ಇದರ ಕೊರತೆ ಎರಡು. ಒಂದು, ಬಟ್ಟೆ ಬೇಕು. ಬೀಜಿಂಗ್ ಚಳಿಗಾಲದಲ್ಲಿ ಎಲ್ಲರೂ ದಪ್ಪ ಕೋಟಿನಲ್ಲಿ ಇರುತ್ತಾರೆ, ಕುಸ್ತಿಯವನಿಗೆ ಹಬ್ಬ. ಜುಲೈನಲ್ಲಿ ಬೆವರಿನ ಮೈ, ತೆಳು ಟೀ ಶರ್ಟ್, ಕೆಲವರು ಅದನ್ನೂ ಎದೆಯವರೆಗೆ ಸುತ್ತಿಕೊಂಡಿರುತ್ತಾರೆ. ಆಗ ಕತ್ತು, ಕಂಕುಳು, ಮಣಿಕಟ್ಟು ಹಿಡಿಯುವುದನ್ನು ಬೇರೆಯಾಗಿಯೇ ಕಲಿಯಬೇಕು. ಚಿನ್ ನಾ ಪಾಡು ಇನ್ನೂ ಕಷ್ಟ. ಚಳಿಗಾಲದಲ್ಲಿ ಕೋಟಿನ ತೋಳು ಅಡ್ಡ, ಬೇಸಿಗೆಯಲ್ಲಿ ಬೆವರು ಜಾರಿಕೆ. ಎರಡನೆಯ ಕೊರತೆ ಗಂಭೀರವಾದದ್ದು. ಚಾಪೆಯ ಮೇಲೆ ಚಂದ ಕಾಣುವ ಎತ್ತೊಗೆತ ಫುಟ್‌ಪಾತಿನ ಮೇಲೆ ಒಬ್ಬನ ತಲೆ ಒಡೆಯಬಹುದು. ನನ್ನ ಗೆಳೆಯ ಆ ರಾತ್ರಿ ತೋಳು ಹಿಡಿದುಕೊಂಡಿದ್ದು ಬರೀ ಒಳ್ಳೆಯತನ ಅಲ್ಲ, ಅದು ಅಭ್ಯಾಸ. ಬೀಳಿಸಿದವನೇ ಬಿದ್ದವನ ತೋಳು ಹಿಡಿಯಬೇಕು ಅಂತ ಮೊದಲ ದಿನದಿಂದ ಕಲಿಸುತ್ತಾರೆ.

ಸಾಂಡಾ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದರ ಬಗ್ಗೆ ಬರೆದವರು ಬಹಳ ಜನ. 1979ರಲ್ಲಿ ಪ್ರಯೋಗವಾಗಿ ಶುರುವಾದ ಸ್ಪರ್ಧೆ. ಗುದ್ದು, ಒದೆ, ಕೆಡವುವುದು ಮೂರೂ ಇದೆ. ಕೀಲು ಪಟ್ಟು ಇಲ್ಲ. ಅಟ್ಟಣಿಗೆ 80 ಸೆಂಟಿಮೀಟರ್ ಎತ್ತರ, ಒಂದೇ ಸುತ್ತಿನಲ್ಲಿ ಎರಡು ಸಲ ಅದರಿಂದ ಕೆಳಗೆ ಬಿದ್ದರೆ ಆ ಸುತ್ತು ಹೋಯಿತು. ತಬ್ಬಿಕೊಂಡು ನಿಂತರೆ ಕೆಲವೇ ಸೆಕೆಂಡಿನಲ್ಲಿ ಬಿಡಿಸುತ್ತಾರೆ, ಹಾಗಾಗಿ ಕೆಡವುವುದು ಮಿಂಚಿನ ಹಾಗೆ ಇರಬೇಕು. ಒದೆಯಲು ಬಂದ ಕಾಲನ್ನು ಹಿಡಿದು ಇನ್ನೊಂದು ಕಾಲನ್ನು ಗುಡಿಸುವುದು ಇಲ್ಲಿ ನನಗೆ ಸಿಕ್ಕ ಆಸ್ತಿ. ಅದಕ್ಕಿಂತ ದೊಡ್ಡದು, ಹೊಡೆತ ತಿಂದೂ ಕಣ್ಣು ಮುಚ್ಚದಿರುವುದು. ಇದನ್ನು ಬೇರೆ ಎರಡೂ ಕಲಿಸಲಿಲ್ಲ. ಶುವಾಯ್ ಜಿಯಾವ್ ಆಡುವವನು ಮುಖಕ್ಕೆ ಬರುವ ಗುದ್ದನ್ನು ಲೆಕ್ಕಕ್ಕೇ ಇಟ್ಟಿರುವುದಿಲ್ಲ, ಹಿಡಿತಕ್ಕೆ ನೇರ ಕೈ ಚಾಚುತ್ತಾನೆ. ಮೊದಲ ವಾರ ನನ್ನ ಮೂಗಿನಿಂದ ರಕ್ತ ಬಂದದ್ದು ಅದಕ್ಕೇ.

ನಡುವೆ ತೈ ಚಿಯ ತುಯ್ ಶೌ ಕೂಡ ನಾಲ್ಕು ತಿಂಗಳು ಮಾಡಿದೆ. ಕೈಗೆ ಕೈ ತಾಗಿಸಿ ನೂಕುವ ಅಭ್ಯಾಸ. ಎದುರಿನವನ ಭಾರ ಎತ್ತ ಹೋಗುತ್ತಿದೆ ಅಂತ ಚರ್ಮಕ್ಕೆ ಗೊತ್ತಾಗುತ್ತದೆ, ಅದು ಕುಸ್ತಿಗೂ ಚಿನ್ ನಾಗೂ ತುಂಬಾ ಒಳ್ಳೆಯದು. ಇದೊಂದನ್ನೇ ನಂಬಿ ಹೊಡೆದಾಟಕ್ಕೆ ಇಳಿಯಬಾರದು. 2017ರ ಏಪ್ರಿಲ್‌ನಲ್ಲಿ ಚೆಂಗ್ಡುವಿನಲ್ಲಿ ಶೂ ಶಿಯಾವೋಡಾಂಗ್ ಅನ್ನುವ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾದಾಟ) ಆಟಗಾರ ತೈ ಚಿಯ ವೇ ಲೇ ಅವರನ್ನು ಅರ್ಧ ನಿಮಿಷದೊಳಗೆ ಸೋಲಿಸಿದ್ದು ಚೀನಾದ ತುಂಬಾ ದೊಡ್ಡ ಸುದ್ದಿ ಆಯಿತು.

ಈಗ ಮೊದಲು ಬಿಟ್ಟ ಮಾತಿಗೆ ಬರುತ್ತೇನೆ. ಒದೆಯುವುದು, ಹೊಡೆಯುವುದು ಸಾಂಡಾಗೆ ಹೋಯಿತು. ಕೆಡವುವುದು ಶುವಾಯ್ ಜಿಯಾವ್‌ಗೂ ಸಾಂಡಾಗೂ ಹೋಯಿತು. ಇವಕ್ಕೆ ಕಣ ಇದೆ, ನಿಯಮ ಇದೆ, ದಿನಾ ಎದುರಾಳಿ ಇದ್ದಾನೆ. ಕೀಲು ಪಟ್ಟನ್ನು ಎರಡೂ ಕಡೆ ನಿಷೇಧಿಸಿದರು. ಕಾರಣ ನ್ಯಾಯವಾದದ್ದೇ. ಮಣಿಕಟ್ಟು, ಬೆರಳು ಅಂಥ ಸಣ್ಣ ಕೀಲಿನಲ್ಲಿ ನೋವಿಗೂ ಮುರಿತಕ್ಕೂ ನಡುವೆ ಜಾಗ ಇಲ್ಲ, ಜೋರಾಗಿ ಹಾಕಿದರೆ ಬಿಡಿ ಅಂತ ತಟ್ಟುವುದಕ್ಕೂ ಸಮಯ ಸಿಗುವುದಿಲ್ಲ. ಜಪಾನಿನ ಜೂಡೋ ಸ್ಪರ್ಧೆಯಲ್ಲೂ ಮೊಣಕೈ ಪಟ್ಟು ಒಂದಕ್ಕೇ ಅವಕಾಶ, ಮಣಿಕಟ್ಟಿಗೆ ಇಲ್ಲ. ಹೀಗೆ ಚಿನ್ ನಾ ಪಾರ್ಕಿನಲ್ಲೇ ಉಳಿಯಿತು, ಒಬ್ಬ ಕೈ ಕೊಡುತ್ತಾನೆ, ಇನ್ನೊಬ್ಬ ತಿರುಚುತ್ತಾನೆ. ಅದು ಜೊತೆಗಾರರನ್ನು ಕಳೆದುಕೊಂಡ ವಿದ್ಯೆ. ನನಗೆ ಇದು ನಿಜವಾಗಿಯೂ ಬೇಸರದ ಸಂಗತಿ.

ಆದರೂ ಅದನ್ನು ಬಿಡಬೇಡಿ ಅನ್ನುತ್ತೇನೆ. ಚೀನಾದ ಪೊಲೀಸರಿಗೆ ಈಗಲೂ ಚಿನ್ ನಾ ಕಲಿಸುತ್ತಾರೆ, ಯಾಕೆಂದರೆ ಅವರು ಇಬ್ಬರು ಮೂವರು ಸೇರಿ ಒಬ್ಬನನ್ನು ಹಿಡಿಯುತ್ತಾರೆ, ಕೋಳ ತೊಡಿಸಬೇಕು, ಹೊಡೆಯಬಾರದು. ನಮ್ಮಂಥವರಿಗೂ ಅಂಥ ಸಮಯ ಬರುತ್ತದೆ. ಕುಡಿದ ನೆಂಟರನ್ನು ಗುದ್ದಲು ಆಗುತ್ತದಾ? ಕಾನೂನಿನ ಮಾತೂ ಇದೆ. ಚೀನಾದ ಅಪರಾಧ ಕಾನೂನಿನ 20ನೇ ವಿಧಿ ಆತ್ಮರಕ್ಷಣೆಗೆ ಅವಕಾಶ ಕೊಡುತ್ತದೆ, ಆದರೆ ಇಬ್ಬರೂ ಕೈ ಮಾಡಿದ್ದರೆ ಪರಸ್ಪರ ಹೊಡೆದಾಟ ಅಂತ ಬರೆದುಕೊಳ್ಳುವ ರೂಢಿ ಬಹಳ ಕಾಲ ಇತ್ತು. 2018ರಲ್ಲಿ ಕುನ್‌ಶಾನ್ ಊರಿನಲ್ಲಿ ಕತ್ತಿ ಹಿಡಿದು ಮೇಲೆ ಬಿದ್ದವನನ್ನು ಅದೇ ಕತ್ತಿಯಿಂದ ಕೊಂದವನ ಪ್ರಕರಣ ದೊಡ್ಡ ಚರ್ಚೆ ಆಗಿ, 2020ರಲ್ಲಿ ಎರಡನ್ನೂ ಹೇಗೆ ಬೇರೆ ಮಾಡಿ ನೋಡಬೇಕು ಅಂತ ಮಾರ್ಗದರ್ಶನ ಬಂತು. ಏನೇ ಆದರೂ ಹೊರದೇಶದವನಾಗಿ ಪೊಲೀಸ್ ಠಾಣೆಯಲ್ಲಿ ಕೂತಾಗ, ಹೊಡೆದೆ ಅನ್ನುವುದಕ್ಕಿಂತ ಹಿಡಿದುಕೊಂಡಿದ್ದೆ ಅನ್ನುವುದು ಎಷ್ಟೋ ಸಲೀಸು, ಅಲ್ವಾ?

ಹಾಗಾಗಿ ಬೀಜಿಂಗ್‌ಗೆ ಹೋಗುವ ಯಾರಾದರೂ ಕೇಳಿದರೆ ನನ್ನ ಸಲಹೆ ಇದು. ಮೊದಲ ವರ್ಷ ಪೂರ್ತಿ ಶುವಾಯ್ ಜಿಯಾವ್. ಆರು ತಿಂಗಳಾದ ಮೇಲೆ ವಾರಕ್ಕೆ ಒಂದು ದಿನ ಸಾಂಡಾ ಸ್ಪಾರಿಂಗ್, ಅಂದರೆ ಅಭ್ಯಾಸದ ಕಾದಾಟ. ಎರಡನೆಯ ವರ್ಷ ಚಿನ್ ನಾ. ಅದರಲ್ಲೂ ಐವತ್ತು ಪಟ್ಟು ಬೇಡ, ಐದು ಸಾಕು. ಮೊಣಕೈ ಮತ್ತು ಭುಜದ ಪಟ್ಟುಗಳನ್ನು ಆರಿಸಿಕೊಳ್ಳಿ. ದೊಡ್ಡ ಕೀಲು ಕೋಟಿನ ಮೇಲಿಂದಲೂ ಸಿಗುತ್ತದೆ, ಗಾಬರಿಯಲ್ಲಿ ಕೈ ನಡುಗುವಾಗಲೂ ಸಿಗುತ್ತದೆ. ನಲವತ್ತು ದಾಟಿದ್ದರೆ, ಮಂಡಿ ನೋವಿದ್ದರೆ, ಮೊದಲು ಬೀಳುವುದನ್ನು ನಿಧಾನವಾಗಿ ಕಲಿತು, ತುಯ್ ಶೌ ಜೊತೆಗೆ ಇಟ್ಟುಕೊಳ್ಳಿ. ಬೇಗ ಕಲಿಸುತ್ತೇವೆ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಅಂಥ ಒಂದು ಕಡೆ ಜೊತೆಗಾರ ಎಚ್ಚರ ಇಲ್ಲದೆ ತಿರುಚಿದ್ದಕ್ಕೆ ನನ್ನ ಎಡ ಮಣಿಕಟ್ಟು ನಾಲ್ಕು ತಿಂಗಳು ಬಟ್ಟಲು ಎತ್ತಲೂ ಬಿಡಲಿಲ್ಲ.

ಈಗ ಮೈಸೂರಿಗೆ ವಾಪಸ್ ಬಂದಿದ್ದೇನೆ. ಭಾನುವಾರ ಬೆಳಗ್ಗೆ ಗರಡಿಗೆ ಹೋಗುತ್ತೇನೆ. ಇಲ್ಲಿ ಅಂಗಿ ಇಲ್ಲ, ಕೆಮ್ಮಣ್ಣು, ಬರೀ ಮೈ. ಕಾಲು ಅಡ್ಡ ಕೊಟ್ಟು ತಿರುಗುವ ಆ ವರಸೆಯನ್ನು ಎದೆಪಟ್ಟಿ ಇಲ್ಲದೆ, ಕತ್ತು ಮತ್ತು ಮೊಣಕೈ ಹಿಡಿದು ಮಾಡಲು ಪ್ರಯತ್ನಿಸುತ್ತಿದ್ದೇನೆ. ಕಳೆದ ವಾರ ಒಬ್ಬ ಹುಡುಗನ ಮೇಲೆ ಮೊದಲ ಸಲ ಬಿತ್ತು. ಆದರೆ ಅವನು ಬಿದ್ದವನೇ ಹೊಟ್ಟೆ ಮೇಲೆ ಹೊರಳಿಕೊಂಡ. ಇಲ್ಲಿ ಚಿತ್ ಮಾಡುವವರೆಗೆ ಮುಗಿಯುವುದಿಲ್ಲವಲ್ಲ, ಅದನ್ನು ಈಗ ಉಸ್ತಾದರ ಹತ್ತಿರ ಕಲಿಯುತ್ತಿದ್ದೇನೆ.