ಇಸ್ರೋದ ‘ಭುವನ್’ ಭೂಬಳಕೆ ನಕ್ಷೆ: ಮಾಲೂರಿನ ಒಂದು ಹೊಲದಿಂದ ನೋಡಿದಾಗ

ಸಾಗುವಳಿ ಭೂಮಿ ಎಲ್ಲಿ ಹೆಚ್ಚಿದೆ, ಎಲ್ಲಿ ಕರಗಿದೆ ಎಂದು ತಿಳಿಯಬಯಸುವವರಿಗೆ ‘ಭುವನ್’ ಜಾಲತಾಣದ ಭೂಬಳಕೆ ನಕ್ಷೆಗಳು ಕಾಸಿಲ್ಲದೆ ಸಿಗುವ ದೊಡ್ಡ ಸವಲತ್ತು. ಇಸ್ರೋ 2009ರ ಆಗಸ್ಟ್‌ನಲ್ಲಿ ಆರಂಭಿಸಿದ ಈ ತಾಣವನ್ನು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ನಡೆಸುತ್ತದೆ. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ನಮ್ಮ ಊರಿನಲ್ಲಿ ರಾಗಿ ಹೊಲಗಳು ವರ್ಷದಿಂದ ವರ್ಷಕ್ಕೆ ಬೀಳು ಬೀಳುತ್ತಿರುವುದನ್ನು ಕಂಡು, ಅದಕ್ಕೆ ಕಾರಣ ಹುಡುಕಲು ನಾನು ಇದನ್ನು ಕೆಲವು ವಾರ ಬಿಡದೆ ಬಳಸಿದೆ.

ಇಲ್ಲಿ ಎರಡು ಬಗೆಯ ನಕ್ಷೆಗಳಿವೆ. 2004-05ರಿಂದ ವರ್ಷವಾರು ತಯಾರಾಗುತ್ತಿರುವ 1:2,50,000 ಪ್ರಮಾಣದ ನಕ್ಷೆ ಮುಂಗಾರು, ಹಿಂಗಾರು, ಬೇಸಿಗೆ ಬೆಳೆಗಳನ್ನೂ ಆ ವರ್ಷ ಬೀಳು ಬಿಟ್ಟ ನೆಲವನ್ನೂ ಬೇರೆ ಬೇರೆ ಬಣ್ಣಗಳಲ್ಲಿ ತೋರಿಸುತ್ತದೆ. 1:50,000 ಪ್ರಮಾಣದ ನಕ್ಷೆ ಇನ್ನೂ ಸೂಕ್ಷ್ಮವಾದದ್ದು. 2005-06, 2011-12 ಮತ್ತು 2015-16ರ ನಕ್ಷೆಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬಹುದು. 1:2,50,000 ನಕ್ಷೆಗೆ ಬಳಸುವ ಉಪಗ್ರಹ ಚಿತ್ರದ ಒಂದೊಂದು ಚುಕ್ಕೆಯೂ 56 ಮೀಟರ್ ಚೌಕ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 31 ಗುಂಟೆ. ಅಣ್ಣತಮ್ಮಂದಿರ ಪಾಲಾದ ಮೇಲೆ ನಮ್ಮ ಊರಿನ ಎಷ್ಟೋ ಮನೆಗಳಿಗೆ ಉಳಿದಿರುವ ಹೊಲ ಅಷ್ಟೇ. 1:50,000 ನಕ್ಷೆಯಲ್ಲಿ ಅಂಥ ಹೊಲದ ಒಂದು ಬದಿ ಮಿಲಿಮೀಟರಿಗಿಂತ ಚೂರು ಹೆಚ್ಚು. ಇದು ನಕ್ಷೆಯ ದೋಷವಲ್ಲ, ಅದು ಯಾವ ಕೆಲಸಕ್ಕೆ ಹುಟ್ಟಿತೋ ಅದರ ಮಿತಿ.

ಬಳಸುವವರು ಮುಖ್ಯವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ‘ಕೃಷಿ ಭೂಮಿ’ ಎಂಬ ಶೀರ್ಷಿಕೆಯ ಅಡಿಯಲ್ಲಿ ಬೆಳೆಯಿರುವ ನೆಲ, ತೋಟ ಮತ್ತು ಬೀಳು ಭೂಮಿ ಮೂರೂ ಸೇರಿರುತ್ತವೆ. ಆದ್ದರಿಂದ ಒಟ್ಟು ಅಂಕಿಯನ್ನು ಮಾತ್ರ ನೋಡಿದವರಿಗೆ ಕೃಷಿ ಭೂಮಿ ಇದ್ದಷ್ಟೇ ಇದೆ ಎನಿಸುತ್ತದೆ, ಆದರೆ ಒಳವರ್ಗಗಳನ್ನು ಬಿಡಿಸಿ ನೋಡಿದಾಗ ನೇಗಿಲು ನಿಂತಿರುವುದು ತಿಳಿಯುತ್ತದೆ. ನಾನೂ ಮೊದಲ ವಾರ ಒಟ್ಟು ಅಂಕಿಯನ್ನೇ ನಂಬಿಕೊಂಡಿದ್ದೆ.

ದೇಶದ ಮಟ್ಟದಲ್ಲಿಯೂ ಇದೇ ಕಥೆ. ಭಾರತದ ನಿವ್ವಳ ಬಿತ್ತನೆ ಪ್ರದೇಶ 1970ರ ದಶಕದಿಂದ ಈಚೆಗೆ 14 ಕೋಟಿ ಹೆಕ್ಟೇರಿನ ಆಸುಪಾಸಿನಲ್ಲೇ ನಿಂತಿದೆ. ರಾಜಸ್ಥಾನದ ಮರುಭೂಮಿಗೆ ಇಂದಿರಾ ಗಾಂಧಿ ಕಾಲುವೆ ಹರಿದು ಹೊಸ ಹೊಲಗಳಾದವು, ಇತ್ತ ನಗರಗಳ ಅಂಚಿನ ಹೊಲಗಳು ಬಡಾವಣೆಗಳಾದವು. ಕೂಡಿ ಕಳೆದಾಗ ಅಂಕಿ ಅಲುಗಲಿಲ್ಲ. ಆ ಮಟ್ಟದಲ್ಲಿ ಏರಿಳಿತಕ್ಕೆ ಕಾರಣಗಳು ನೀರಾವರಿ, ಬೆಂಬಲ ಬೆಲೆ ಮತ್ತು ಮುಂಗಾರು. ರಾಜ್ಯಕ್ಕೆ ಇಳಿದರೆ ಚಿತ್ರ ಒಡೆಯುತ್ತದೆ: ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳ ಕೆಳಗೆ ಬೆಳೆ ದಟ್ಟವಾಗುತ್ತಿದ್ದಾಗಲೇ ಕೋಲಾರದ ಕಡೆ ರಾಗಿಯ ನೆಲಕ್ಕೆ ನೀಲಗಿರಿ ಬಂದು ನಿಂತಿತು.

ನಮ್ಮ ತಾಲ್ಲೂಕಿನಲ್ಲಿ ಮಳೆಗಿಂತ ಬೆಂಗಳೂರೇ ಬಲವಾದ ಕಾರಣ. ಕೈಗಾರಿಕಾ ಪ್ರದೇಶಗಳು, ಹೊಸಕೋಟೆಯಿಂದ ಮಾಲೂರಿನ ಮೂಲಕ ಹಾದು ಹೋಗುವ ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ, ಇಟ್ಟಿಗೆ ಮತ್ತು ಹೆಂಚಿನ ಕಾರ್ಖಾನೆಗಳಿಗೆ ಹೋಗುವ ಮೇಲ್ಮಣ್ಣು, ಇವೆಲ್ಲದರ ಗುರುತುಗಳು ನಕ್ಷೆಯಲ್ಲಿ ಸಿಗುತ್ತವೆ. ತಾಲ್ಲೂಕು ಮಟ್ಟದ ಈ ಬದಲಾವಣೆಯನ್ನು ಹಿಡಿದುಕೊಡುವುದರಲ್ಲಿ ಭುವನ್ ನನಗೆ ನಿಜವಾಗಿ ನೆರವಾಯಿತು, ಅದಕ್ಕಾಗಿ ಅದನ್ನು ಮಾಡಿದವರಿಗೆ ನಾನು ಋಣಿ.

ಹೊಲದ ಮಟ್ಟಕ್ಕೆ ಬಂದಾಗ ನಾನು ‘ದಿಶಾಂಕ್’ ಆ್ಯಪ್ ಹಿಡಿದು ಹೊರಟೆ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ಈ ಆ್ಯಪ್ ನಾವು ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ಭುವನ್ ನಕ್ಷೆಯನ್ನು ನೆಲಕ್ಕೆ ತಾಳೆ ಹಾಕಲು ಇದಕ್ಕಿಂತ ಒಳ್ಳೆಯ ಜೊತೆಯಿಲ್ಲ. ಬದುವಿನ ಮೇಲೆ ಫೋನ್ ಹಿಡಿದು ನಿಂತವನನ್ನು ನೋಡಿ ಪಕ್ಕದ ಹೊಲದ ಅಜ್ಜಿ, “ಏನಪ್ಪಾ, ಅಳೀತಿದ್ದೀಯಾ? ಮಾರ್ಬಿಡ್ತೀರಾ?” ಎಂದು ಕೇಳಿದರು. ಇಲ್ಲ ಅಜ್ಜಿ, ಇದು ಯಾಕೆ ಬೀಳು ಬಿತ್ತು ಅಂತ ನೋಡ್ತಿದ್ದೀನಿ ಎಂದೆ. ಕಾಲಡಿಯಲ್ಲಿ ಹಿಂದಿನ ಉಳುಮೆಯ ಸಾಲುಗಳು ಇನ್ನೂ ಮಾಸಿರಲಿಲ್ಲ, ಅವುಗಳ ಮೇಲೆ ಲಂಟಾನ ಮೊಳಕಾಲೆತ್ತರ ಬೆಳೆದಿತ್ತು. ಅಜ್ಜಿ ಲೆಕ್ಕ ಕೊಟ್ಟರು: ಒಂದು ಹೊಲದ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಒಂದರ ಬೋರ್‌ವೆಲ್ ಬತ್ತಿದೆ, ಇನ್ನೊಂದರ ದಾವೆ ಕೋರ್ಟಿನಲ್ಲಿದೆ, ಕಟಾವಿಗೆ ಆಳು ಸಿಗುವುದಿಲ್ಲ. ಪಾಲಿಗಾದರೂ ಕೊಡಬಹುದಲ್ಲ ಎಂದಾಗ ಅವರು ಹೇಳಿದ್ದು, “ಕೊಟ್ರೆ ಹೊಲ ಅವ್ರದೇ ಆಗೋಗುತ್ತೆ ಅಂತ ಭಯ.” 1974ರ ಭೂ ಸುಧಾರಣಾ ತಿದ್ದುಪಡಿ ಗೇಣಿದಾರರಿಗೆ ನ್ಯಾಯ ಕೊಟ್ಟಿತು; ಅದೇ ಕಾನೂನಿನ ನೆನಪು ಇಂದು ಊರು ಬಿಟ್ಟ ಸಣ್ಣ ಒಡೆಯರು ನೆಲವನ್ನು ಯಾರಿಗೂ ಕೊಡದೆ ಬೀಳು ಬಿಡುವಂತೆ ಮಾಡಿದೆ. ಇದನ್ನು ಯಾವ ಉಪಗ್ರಹವೂ ಹೇಳಲಾರದು.

ನಾವೇ ಮೂರು ವರ್ಷ ಬಿತ್ತದೆ ಬಿಟ್ಟ ಒಂದು ತುಂಡಿಗೆ ಪಹಣಿಯಲ್ಲಿ ಈಗಲೂ ರಾಗಿ ಎಂದೇ ದಾಖಲಾಗಿದೆ. ಕಾಗದ ಮತ್ತು ಉಪಗ್ರಹ ಚಿತ್ರ ಜಗಳವಾಡುವ ಇಂಥ ಕಡೆ ನಾನು ಚಿತ್ರವನ್ನೇ ನಂಬುತ್ತೇನೆ.

ಆದ್ದರಿಂದ ಜಿಲ್ಲೆ, ತಾಲ್ಲೂಕುಗಳ ಅಧ್ಯಯನ ಮಾಡುವ ವಿದ್ಯಾರ್ಥಿಗಳು, ಪತ್ರಕರ್ತರು, ಪಂಚಾಯಿತಿ ಸದಸ್ಯರು ಭುವನ್ ನಕ್ಷೆಗಳನ್ನು ಧಾರಾಳವಾಗಿ ಬಳಸಲಿ; ಐದರಲ್ಲಿ ನಾಲ್ಕು ಅಂಕಗಳನ್ನು ನಾನು ಹಿಂಜರಿಯದೆ ಕೊಡುತ್ತೇನೆ. ಆದರೆ ದೇಶದ ನಕ್ಷೆಯಲ್ಲಿ ಕಂಡ ಕಾರಣವನ್ನು ತಂದು ಹೊಲದ ಮೇಲೆ ಹೊರಿಸಬಾರದು, ಹೊಲದ ಕಾರಣವನ್ನು ದೇಶಕ್ಕೂ ಅನ್ವಯಿಸಬಾರದು. ನಾನು ಮುಂದಿನ ಮುಂಗಾರಿನಲ್ಲಿ ಅದೇ ಸರ್ವೆ ನಂಬರುಗಳನ್ನು ಮತ್ತೆ ಸುತ್ತಲಿದ್ದೇನೆ, ಅಜ್ಜಿಯ ಲೆಕ್ಕವನ್ನೂ ಈ ಸಲ ಹೊಲವಾರು ಬರೆದುಕೊಳ್ಳುತ್ತೇನೆ.