ಸಣ್ಣ ಬ್ರ್ಯಾಂಡ್‌ಗೆ ಗೂಗಲ್ ಅಲರ್ಟ್ಸ್ ಸಾಕಾಗುತ್ತಾ? ಬಹಳ ಕಾಲ ಬಳಸಿದ ಮೇಲೆ ಅನ್ನಿಸಿದ್ದು

ಬ್ರ್ಯಾಂಡ್ ಶುರು ಮಾಡಿದ ಕೂಡಲೇ ಎಲ್ಲರೂ ಹೇಳೋದು ಒಂದೇ: ದಿನಾ ಪೋಸ್ಟ್ ಹಾಕಿ. ನಿಮ್ಮ ಬಗ್ಗೆ ಬೇರೆಯವರು ಏನು ಬರೀತಿದ್ದಾರೆ ನೋಡಿ ಅಂತ ಹೇಳುವವರು ಕಡಿಮೆ. ನನ್ನ ಪ್ರಕಾರ ಹೊಸಬರು ಮೊದಲು ಮಾಡಬೇಕಾದ್ದು ಅದನ್ನೇ. ನಮ್ಮದು ಬ್ಯಾಗ್ ಹೊಲಿದು ಮಾರುವ ಸಣ್ಣ ಬ್ರ್ಯಾಂಡ್. ಈ ಕೆಲಸಕ್ಕೆ ಶುರುವಿನಿಂದಲೂ ಗೂಗಲ್ ಅಲರ್ಟ್ಸ್ ಬಳಸುತ್ತಿದ್ದೇನೆ.

2003ರಿಂದ ಇರುವ ಸೇವೆ ಇದು, ಪುಕ್ಕಟೆ. ನೋಡಲು ಏನೂ ಚೆಂದವಿಲ್ಲ. ಹೆಸರು ಬರೆಯಲು ಒಂದು ಜಾಗ, ಕೆಳಗೆ ಒಂದಿಷ್ಟು ಆಯ್ಕೆ, ಅಷ್ಟೇ. ಆ ಹೆಸರಿರುವ ಹೊಸ ಪುಟ ಗೂಗಲ್ ಕಣ್ಣಿಗೆ ಬಿದ್ದರೆ ನಿಮಗೆ ಮೇಲ್ ಬರುತ್ತದೆ.

ಆದರೆ ಸುಮ್ನೆ ಹೆಸರು ಕೊಟ್ಟು ಬಿಟ್ಟರೆ ಪ್ರಯೋಜನವಿಲ್ಲ. ಬ್ರ್ಯಾಂಡ್ ಹೆಸರು 'ನೆರಳು', ಮಾರುವುದು ಛತ್ರಿ ಅಂತ ಇಟ್ಟುಕೊಳ್ಳಿ. ಬರೀ ನೆರಳು ಅಂತ ಕೊಟ್ಟರೆ ಮರದ ನೆರಳು, ಗ್ರಹಣದ ನೆರಳು, ಯಾರದೋ ಕವಿತೆ ಎಲ್ಲಾ ಬಂದು ಮೇಲ್ ತುಂಬುತ್ತದೆ. "ನೆರಳು ಛತ್ರಿ" ಅಂತ ಎರಡೂ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಗಲಾಟೆ ತಗ್ಗುತ್ತದೆ. ಬೇಡದ ಪದಕ್ಕೆ ಮೊದಲು ಮೈನಸ್ ಹಾಕಿ, ನಡುವೆ ಜಾಗ ಬಿಡಬೇಡಿ: -ಕವಿತೆ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಇನ್ನೊಂದು ಅಲರ್ಟ್ ಇಡಿ. ಜನ ತಪ್ಪಾಗಿ ಬರೆಯುವ ಕಾಗುಣಿತಕ್ಕೂ ಒಂದಿರಲಿ. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಈ ತಪ್ಪು ಕಾಗುಣಿತದ್ದೇ. ಸಿಟ್ಟಿನಲ್ಲಿ ಬರೆಯುವವರು ಸ್ಪೆಲಿಂಗ್ ನೋಡಿಕೊಂಡು ಬರೆಯುವುದಿಲ್ಲ, ಅಲ್ವಾ?

ಮೇಲ್ ಕೂಡಲೇ ಬೇಕೋ, ದಿನಕ್ಕೊಮ್ಮೆಯೋ, ವಾರಕ್ಕೊಮ್ಮೆಯೋ ಅಂತ ಆರಿಸಬಹುದು. ದಿನಕ್ಕೊಮ್ಮೆ ಸಾಕು. 'ಉತ್ತಮ ಫಲಿತಾಂಶ ಮಾತ್ರ' ಅನ್ನುವುದನ್ನು 'ಎಲ್ಲಾ ಫಲಿತಾಂಶ'ಕ್ಕೆ ಬದಲಿಸಿ. ಸಣ್ಣವರ ಬಗ್ಗೆ ಬರುವುದೇ ಅಪರೂಪ, ಅದರಲ್ಲೂ ಸೋಸುವುದು ಯಾಕೆ?

ಇನ್ನೊಂದು ವಿಷಯ. ಇದು ಗೂಗಲ್ ಹುಡುಕಾಟಕ್ಕೆ ಸಿಗುವುದನ್ನಷ್ಟೇ ತೋರಿಸುತ್ತದೆ. ವಾಟ್ಸಾಪ್ ಗುಂಪಿನ ಮಾತು, ಪ್ರೈವೇಟ್ ಖಾತೆಯ ಪೋಸ್ಟ್ ಇದಕ್ಕೆ ಕಾಣುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ನೀವೇ ಹೋಗಿ ಹೆಸರು ಹುಡುಕಬೇಕು.

ರಿವ್ಯೂಗಳಿಗೆ ಇದರ ಜೊತೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಇಟ್ಟುಕೊಂಡಿದ್ದೇನೆ, ಅಂದರೆ ಗೂಗಲ್ ಹುಡುಕಾಟದಲ್ಲಿ, ಮ್ಯಾಪ್‌ನಲ್ಲಿ ನಮ್ಮ ವ್ಯಾಪಾರದ ವಿವರ, ರಿವ್ಯೂ ತೋರಿಸುವ ಪುಟ. 2021ರವರೆಗೆ ಗೂಗಲ್ ಮೈ ಬಿಸಿನೆಸ್ ಅಂತಿದ್ದದ್ದು ಇದೇ. ಗ್ರಾಹಕರನ್ನು ಮುಖಾಮುಖಿ ಭೇಟಿಯಾಗುವ ವ್ಯಾಪಾರಕ್ಕೆ ಮಾತ್ರ. ಬರೀ ಆನ್‌ಲೈನ್‌ನಲ್ಲಿ ಮಾರುವವರಿಗೆ ಅಲ್ಲ. ಅಲ್ಲಿರುವ ಅಂಗಡಿ ತೆರೆಯುವ ಸಮಯ, ಫೋನ್ ನಂಬರಿಗೆ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು, ಹಾಗಾಗಿ ಆಗಾಗ ನೋಡುತ್ತಿರಿ. ಕೆಟ್ಟ ರಿವ್ಯೂವನ್ನು ನಾವೇ ಅಳಿಸಲು ಆಗುವುದಿಲ್ಲ. ನಿಯಮ ಮೀರಿದ್ದರೆ ದೂರು ಕೊಡಬಹುದು, ಇಲ್ಲದಿದ್ದರೆ ಉತ್ತರ ಬರೆಯುವುದೊಂದೇ ದಾರಿ. ಡಿಸ್ಕೌಂಟ್ ಕೊಟ್ಟು ಒಳ್ಳೆ ರಿವ್ಯೂ ಬರೆಸುವುದೂ ನಿಯಮಕ್ಕೆ ವಿರುದ್ಧ.

ಉತ್ತರ ಅಂದಮೇಲೆ, "ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು" ಅಂತ ದಯವಿಟ್ಟು ಬರೆಯಬೇಡಿ. ಜಿಪ್ ಕಿತ್ತುಹೋಗಿದೆ ಅಂತ ಬೈದವರಿಗೆ ನಾವು ಬರೆಯುವುದು ಹೀಗೆ: "ಜಿಪ್ ಹೋಗಿದ್ದು ಕೇಳಿ ಬೇಜಾರಾಯ್ತು. ಬ್ಯಾಗ್ ಕಳಿಸಿಕೊಡಿ, ಹೊಸ ಜಿಪ್ ಹಾಕಿಕೊಡುತ್ತೇವೆ. ಕಳಿಸುವ ಖರ್ಚು ನಮ್ಮದು." ಇದನ್ನು ಓದುವುದು ಬೈದವರೊಬ್ಬರೇ ಅಲ್ಲ, ಮುಂದೆ ಕೊಳ್ಳಲಿರುವವರೂ ಓದುತ್ತಾರೆ.

ಇದೇ ಕೆಲಸಕ್ಕೆ ದುಡ್ಡು ಕೊಟ್ಟು ಪಡೆಯುವ ಒಂದು ಟೂಲನ್ನೂ ಸ್ವಲ್ಪ ಕಾಲ ಬಳಸಿದ್ದೆ. ಹೆಸರು ಬೇಡ. ಬಣ್ಣಬಣ್ಣದ ಗ್ರಾಫ್, ಹೊಗಳಿಕೆ ಎಷ್ಟು ತೆಗಳಿಕೆ ಎಷ್ಟು ಅನ್ನುವ ಲೆಕ್ಕ ಎಲ್ಲಾ ಇತ್ತು. "ಆಹಾ, ಎಂಥಾ ಗಟ್ಟಿ ಜಿಪ್! ಪೂರ್ತಿ ಒಂದು ವಾರ ಬಾಳಿಕೆ ಬಂತು" ಅಂತ ಒಬ್ಬರು ಬರೆದದ್ದನ್ನು ಅದು ಹೊಗಳಿಕೆಗೆ ಸೇರಿಸಿತ್ತು. ಆಮೇಲೆ ಬಿಟ್ಟೆ.

ಅಲರ್ಟ್ಸ್‌ಗೆ ಐದರಲ್ಲಿ ನಾಲ್ಕು ಅಂಕ. ದಿನಕ್ಕೆ ನೂರಾರು ಕಡೆ ಹೆಸರು ಬರುವ ಬ್ರ್ಯಾಂಡ್ ನಿಮ್ಮದಾದರೆ ಇದು ಸಾಲದು, ಜನ ಇಡಬೇಕಾಗುತ್ತದೆ. ಒಬ್ಬರೋ ಇಬ್ಬರೋ ಸೇರಿ ನಡೆಸುವವರಾದರೆ ದಿನಕ್ಕೆ ಹತ್ತು ನಿಮಿಷದಲ್ಲಿ ಈ ಕೆಲಸ ಮುಗಿಯುತ್ತದೆ.