ಮೂರು ಕಯಾಕ್‌ಗಳು ಮತ್ತು ಗೆಳೆಯನ ಮನೆಯ ಬಚ್ಚಲು

ಹಳೆಯ ಗೆಳೆಯರ ಮನೆಗಳನ್ನು ಒಂದೊಂದಾಗಿ ಮುಟ್ಟುತ್ತ, ನಡುವೆ ಸಿಗುವ ನದಿ ಕೆರೆಗಳಲ್ಲಿ ಒಬ್ಬನೇ ಹುಟ್ಟು ಹಾಕುತ್ತ, ದಡದಲ್ಲಿ ಟೆಂಟ್ ಹೊಡೆದು ಮಲಗುತ್ತ ಸಾಗುವ ಕಾರು ಪ್ರವಾಸವನ್ನು ನಾನು ಮೂರು ಸಲ, ಮೂರು ಬಗೆಯ ಕಯಾಕ್‌ಗಳೊಂದಿಗೆ, ಅಂದರೆ ಕೂತು ಹುಟ್ಟು ಹಾಕುವ ಕಿರಿದಾದ ದೋಣಿಗಳೊಂದಿಗೆ, ಮಾಡಿದ್ದೇನೆ. ಮೊದಲ ಸಲ ಗಾಳಿ ತುಂಬುವ ಕಯಾಕನ್ನು ಕೊಂಡಿದ್ದೆ. ಎರಡನೆಯ ಸಲ ಕಾರಿನ ನೆತ್ತಿಗೆ ಕಟ್ಟಬೇಕಾದ ಗಟ್ಟಿ ಪ್ಲಾಸ್ಟಿಕ್ಕಿನ ಕಯಾಕನ್ನು ಎರವಲು ತಂದೆ. ಮೂರನೆಯ ಸಲ ಕಾಗದದ ದೋಣಿಯಂತೆ ಮಡಚಿ ಕಟ್ಟುವ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಕಯಾಕನ್ನು ಕೊಂಡೆ. ನನ್ನ ಒಲವು ಈ ಮೂರನೆಯದರ ಕಡೆಗೇ ಎಂಬುದನ್ನು ಮುಚ್ಚಿಡುವುದಿಲ್ಲ. ನೀರಿನ ಮೇಲೆ ಅದಕ್ಕೆ ಎರಡನೆಯ ಸ್ಥಾನ. ಗೆಳೆಯರ ಮನೆಯ ಬಾಗಿಲಲ್ಲಿ ಅದಕ್ಕೆ ಸಾಟಿಯೇ ಇಲ್ಲ.

ಗಾಳಿ ತುಂಬುವ ಕಯಾಕನ್ನು ಕೊಳ್ಳುವಾಗ ನಾನು ನೋಡಿದ್ದು ಡಿಕ್ಕಿಯ ಅಳತೆಯನ್ನು ಮಾತ್ರ. 14 ಕಿಲೋ ತೂಕದ ಅದು ಒಂದು ಚೀಲದಲ್ಲಿ ಅಡಗುತ್ತಿತ್ತು, ಪಂಪಿಗೆ ಹತ್ತು ನಿಮಿಷ ಮೈಬಗ್ಗಿಸಿದರೆ ನೀರಿಗಿಳಿಯಲು ಸಿದ್ಧವಾಗುತ್ತಿತ್ತು. ಎದುರುಗಾಳಿಯಲ್ಲಿ ಎಲೆಯಂತೆ ತಿರುಗಿ ತೋಳಿನ ಬಲವನ್ನೆಲ್ಲ ಹೀರುತ್ತಿದ್ದುದನ್ನು ಸಹಿಸಿಕೊಂಡೆ. ಸಹಿಸಲಾಗದೆ ಹೋದದ್ದು ಅದರ ಒದ್ದೆ.

ಅದರ ಹೊರಮೈ ಗಟ್ಟಿ ಬಟ್ಟೆಯ ಕವಚ. ಗಾಳಿ ತುಂಬುವ ಚೀಲಗಳು ಅದರೊಳಗೆ ಪ್ರತ್ಯೇಕವಾಗಿ ಕೂತಿರುತ್ತವೆ. ಕವಚಕ್ಕೂ ಚೀಲಕ್ಕೂ ನಡುವೆ, ತಳದ ಹಾಸಿಗೂ ಪಕ್ಕದ ಕೊಳವೆಗಳಿಗೂ ನಡುವೆ ಸೇರಿದ ನೀರು ಸುಲಭವಾಗಿ ಹೊರಬರುವುದಿಲ್ಲ. ಹೊರಗಿನಿಂದ ಒರೆಸಿ ಮುಟ್ಟಿ ನೋಡಿದರೆ ಒಣಗಿದೆ ಎನಿಸುತ್ತದೆ. ಮಡಚಲು ತೊಡಗಿದೊಡನೆ ಹೊಲಿಗೆಗಳಿಂದ ನೀರು ಜಿನುಗುತ್ತದೆ. ಪೂರ್ತಿ ಒಣಗಲು ಚೀಲಗಳನ್ನು ಹೊರಗೆಳೆದು ಕವಚವನ್ನು ಅಗಲವಾಗಿ ಹರಡಬೇಕು, ಒಳ್ಳೆಯ ಬಿಸಿಲಿದ್ದರೂ ಅರ್ಧ ದಿನ ಕಾಯಬೇಕು. ಬೆಳಗ್ಗೆ ದೋಣಿ ನಡೆಸಿ ಸಂಜೆಗೆ ಗೆಳೆಯನ ಮನೆ ತಲುಪಬೇಕಾದವನಿಗೆ ಆ ಅರ್ಧ ದಿನ ಎಲ್ಲಿಂದ ಬರಬೇಕು?

ಹನ್ನೆರಡು ವರ್ಷಗಳಿಂದ ನೋಡಿರದ ಗೆಳೆಯನೊಬ್ಬನ ಮೂರನೆಯ ಮಹಡಿಯ ಮನೆಗೆ ನಾನು ಹಾಗೆಯೇ, ತೊಟ್ಟಿಕ್ಕುವ ಚೀಲವನ್ನು ಹೆಗಲಿಗೇರಿಸಿಕೊಂಡು ಹೋದೆ. ಮೆಟ್ಟಿಲುಗಳುದ್ದಕ್ಕೂ ಹನಿಗಳ ಸಾಲು ಮೂಡಿತ್ತು. ಬಾಲ್ಕನಿ ಕಿರಿದಾಗಿದ್ದುದರಿಂದ ಕವಚವನ್ನು ಬಚ್ಚಲಿನ ಪರದೆಯ ಸರಳಿಗೆ ತೂಗುಹಾಕಿದೆವು. ಸರಳು ಬಾಗತೊಡಗಿದಾಗ ಗೆಳೆಯ ಒಂದು ತುದಿಯನ್ನು ಎತ್ತಿ ಹಿಡಿದುಕೊಂಡ, ನಾನು ಮೂಲೆಗಳಿಗೆ ಟವಲು ತುರುಕಿ ಹಿಂಡಿದೆ. ಹನ್ನೆರಡು ವರ್ಷಗಳ ಮಾತನ್ನು ನಾವು ಆಡಿದ್ದು ಹೀಗೆ, ಒಬ್ಬರ ಮುಖ ಒಬ್ಬರಿಗೆ ಕಾಣದಂತೆ, ನಡುವೆ ತೂಗುವ ಆ ಕವಚದ ಆಚೀಚೆ ನಿಂತು. ಮರುದಿನ ಬೆಳಗ್ಗೆ ಕೆಲಸಕ್ಕೆ ಹೊರಡಬೇಕಾಗಿದ್ದ ಮನೆಯವರೆಲ್ಲ ಬಚ್ಚಲಿನ ಮುಂದೆ ಸಾಲಾಗಿ ನಿಂತಿದ್ದರು. ಯಾರೂ ತುಟಿ ಬಿಚ್ಚಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಮುಂದಿನ ಮನೆಯಲ್ಲಿ ಸಂಕೋಚಪಟ್ಟು ಚೀಲವನ್ನು ಕಾರಿನಲ್ಲೇ ಬಿಟ್ಟೆ. ಮೂರು ದಿನಗಳ ಬಳಿಕ ತೆರೆದಾಗ ಕಪ್ಪು ಚುಕ್ಕೆಗಳ ಬೂಷ್ಟು ಹಿಡಿದಿತ್ತು. ಮುಗ್ಗಲು ವಾಸನೆ ಟೆಂಟಿಗೂ ಹಾಸಿಗೆಗೂ ಅಂಟಿ ಪ್ರವಾಸ ಮುಗಿಯುವವರೆಗೂ ನನ್ನ ಜೊತೆಗೇ ಬಂತು. ಇದು ಮೂಗಿನ ಪ್ರಶ್ನೆ ಮಾತ್ರವೂ ಅಲ್ಲ. ಒಂದು ಕೆರೆಯ ಕಳೆಯ ಚೂರುಗಳು, ಮಸ್ಸೆಲ್ ಎಂಬ ಚಿಪ್ಪುಜೀವಿಯ ಕಣ್ಣಿಗೆ ಕಾಣದ ಮರಿಗಳು ಒದ್ದೆ ದೋಣಿಯಲ್ಲಿ ಉಳಿದು ಇನ್ನೊಂದು ಕೆರೆಗೆ ಸೇರಿಕೊಳ್ಳುತ್ತವೆ. ನೀರಿನಿಂದ ನೀರಿಗೆ ಹೋಗುವವರು ದೋಣಿಯನ್ನು ತೊಳೆದು, ಬಸಿದು, ಒಣಗಿಸಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ಈ ದೋಣಿಯೊಂದಿಗೆ ಮೂರನೆಯ ಹೆಜ್ಜೆಯನ್ನು ನಾನು ಒಮ್ಮೆಯೂ ಪೂರೈಸಲಿಲ್ಲ.

ಗಟ್ಟಿ ಕಯಾಕ್ ನೀರಿನ ಮೇಲೆ ರಾಜ. ಗೆರೆ ಎಳೆದಂತೆ ನೇರವಾಗಿ ಸಾಗುತ್ತದೆ, ಮುಚ್ಚಳವಿರುವ ಅದರ ಗೂಡುಗಳಲ್ಲಿ ಟೆಂಟು, ಹಾಸಿಗೆ, ಒಲೆ ಎಲ್ಲವೂ ಹಿಡಿಸುತ್ತವೆ, ಒರೆಸಿದರೆ ಒಣಗುತ್ತದೆ. ಆದರೆ 25 ಕಿಲೋ ತೂಕದ, ನಾಲ್ಕು ಮೀಟರಿಗೂ ಉದ್ದದ ಅದನ್ನು ದಣಿದ ತೋಳುಗಳಿಂದ ಒಬ್ಬನೇ ಕಾರಿನ ಮೇಲಕ್ಕೆ ತಳ್ಳುವುದೆಂದರೆ ದಿನಕ್ಕೊಂದು ಶಿಕ್ಷೆ. ಗೆಳತಿಯೊಬ್ಬಳ ಮನೆಯ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ 2.1 ಮೀಟರ್ ಎಂದು ಬರೆದಿದ್ದ ಅಡ್ಡಪಟ್ಟಿಯನ್ನು ಕಯಾಕಿನ ಮೂತಿ ಮುಟ್ಟುವ ಮೊದಲು ಬ್ರೇಕ್ ಹಾಕಿದ್ದು ನನ್ನ ಪುಣ್ಯ. ಕೊನೆಗೆ ಕಾರನ್ನು ಬೀದಿಯಲ್ಲಿ ನಿಲ್ಲಿಸಿ, ಅವಳು ಮಾತನಾಡುತ್ತಿದ್ದಾಗಲೂ ಕಿಟಕಿಯತ್ತ ಕಣ್ಣು ಹಾಯಿಸುತ್ತಲೇ ಕೂತೆ. ಕಟ್ಟುಪಟ್ಟಿಗಳು ಗಾಳಿಗೆ ಗುಂಯ್‌ಗುಡುವುದಕ್ಕೆ ಮದ್ದುಂಟು: ಪಟ್ಟಿಗೆ ಒಂದು ಸುತ್ತು ತಿರುವು ಕೊಟ್ಟು ಕಟ್ಟಿದರೆ ಸಾಕು.

ಇನ್ನು ನನ್ನ ಮೆಚ್ಚಿನದು. ಸೀಸೆಯ ಮುಚ್ಚಳದ ತೆಳು ಕೀಲು ಸಾವಿರ ಸಲ ಬಾಗಿದರೂ ತುಂಡಾಗುವುದಿಲ್ಲವಲ್ಲ, ಆ ಗುಣವಿರುವ ಪ್ಲಾಸ್ಟಿಕ್ಕೇ ಪಾಲಿಪ್ರೊಪಿಲೀನ್. ಇಡೀ ದೋಣಿ ನಿಂತಿರುವುದು ಆ ಒಂದು ಗುಣದ ಮೇಲೆ. ಮಡಚಿದರೆ ದೊಡ್ಡ ಸೂಟ್‌ಕೇಸಿನಷ್ಟಾಗುತ್ತದೆ. ನೀರು ಹೀರುವ ಬಟ್ಟೆ ಇಲ್ಲದ್ದರಿಂದ ಬಿಚ್ಚಿ ಹರಡಿ ಒಂದು ಟವಲಿನಿಂದ ಒರೆಸಿದರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ; ಮಡಿಕೆಗಳ ಸಂದಿಯನ್ನು ಮಾತ್ರ ಮರೆಯಬಾರದು.

ದೋಷಗಳಿಲ್ಲವೆಂದಲ್ಲ. ಮೊದಲ ಸಲ ಜೋಡಿಸಲು ಒಂದು ಗಂಟೆ ಹಿಡಿದು ಎರಡು ಬೆರಳು ಜಜ್ಜಿಹೋದವು. ಈಗ ಕಾಲು ಗಂಟೆ ಸಾಕು. ಒಳಗೆ ತಡೆಗೋಡೆಗಳಿಲ್ಲದ ಕಾರಣ ಮಗುಚಿದರೆ ಉದ್ದಕ್ಕೂ ನೀರು ತುಂಬುತ್ತದೆ. ಎರಡು ತುದಿಗಳಿಗೂ ಗಾಳಿಚೀಲ ತುರುಕದೆ ನಾನು ದಡ ಬಿಡುವುದಿಲ್ಲ. ಟೆಂಟನ್ನು ದೋಣಿಯ ಮೇಲ್ಭಾಗ ಮುಚ್ಚುವ ಮೊದಲೇ ಒಳಗಿಡಬೇಕು. ಮರೆತರೆ ಮತ್ತೆ ಬಿಚ್ಚಬೇಕು. ನೀರಿನ ನಡುವೆ ಇದು ಮಡಚಿಕೊಂಡರೇನು ಗತಿ ಎಂದು ಕೇಳದ ಗೆಳೆಯರಿಲ್ಲ. 1956ರಲ್ಲಿ ಹಾನೆಸ್ ಲಿಂಡೆಮಾನ್ ಎಂಬ ಜರ್ಮನ್ ವೈದ್ಯ ಮಡಚುವ ಕಯಾಕಿನಲ್ಲೇ 72 ದಿನಗಳಲ್ಲಿ ಅಟ್ಲಾಂಟಿಕ್ ದಾಟಿದ ಕಥೆಯನ್ನು ಅವರಿಗೆ ಹೇಳುತ್ತೇನೆ. ಅದು ಮರದ ಚೌಕಟ್ಟಿಗೆ ಕ್ಯಾನ್ವಾಸ್ ಹೊದಿಸಿದ್ದೆಂದು ಯಾರಾದರೂ ಕೇಳಿದರಷ್ಟೇ ಹೇಳುತ್ತೇನೆ.

ಬೆಲೆಯಲ್ಲಿ ಇದು ಮೊದಲು ಕೊಂಡದ್ದಕ್ಕಿಂತ ಬಹಳ ದುಬಾರಿ. ಹಳೆಯ ಟೆಂಟಿಗೆ ತೇಪೆ ಹಾಕಿಸಿ, ಹೊಸದರ ಆಸೆ ಬಿಟ್ಟು ಹಣ ಹೊಂದಿಸಿದೆ. ಒಂದೇ ಕೆರೆಯ ದಡದಲ್ಲಿ ವಾರವಿಡೀ ತಂಗುವವರು ಗಟ್ಟಿ ಕಯಾಕನ್ನೇ ಕೊಳ್ಳಲಿ. ಪ್ರತಿ ನಿಲ್ದಾಣದಲ್ಲೂ ಅಂಗಳವೂ ಬಿಸಿಲೂ ಸಿಗುವವರಿಗೆ ಗಾಳಿ ತುಂಬುವುದು ಅಗ್ಗದ, ತಕ್ಕ ಆಯ್ಕೆ. ನಾನು ಒಂದು ಮನೆಯಲ್ಲಿ ಒಂದೇ ರಾತ್ರಿ ಉಳಿಯುವವನು, ಅದೂ ಕತ್ತಲಾದ ಮೇಲೆ ತಲುಪುವವನು.

ಕಳೆದ ಪ್ರವಾಸದಲ್ಲಿ ಆ ಮೂರನೆಯ ಮಹಡಿಯ ಮನೆಗೆ ಮತ್ತೆ ಹೋದೆ. ಗೆಳೆಯ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಹಳೆಯ ಟವಲುಗಳ ಕಟ್ಟು ಹಿಡಿದು ಬಾಗಿಲಲ್ಲೇ ನಿಂತಿದ್ದ. ನಾನು ಪೆಟ್ಟಿಗೆಯನ್ನು ಚಪ್ಪಲಿ ಗೂಡಿನ ಪಕ್ಕಕ್ಕೆ ಒರಗಿಸಿದೆ. ಅವನು ಅದರ ಅಡಿಗೆ ಕೈಯಾಡಿಸಿ ನೋಡಿ, ಬಕೆಟ್ಟನ್ನು ಒಳಗಿಟ್ಟು ಬಂದ.